ತೋಳಿಗಲ್ಲ

ಚಿಕ್ಕಮಾದಮ್ಮ ಬಲಗೈಯಿಂದ ಎಡಗೈಯನ್ನು ಎತ್ತಿ, ಮಗುವಿಗೆ ಅಂಗಿ ತೊಡಿಸುವಂತೆ ರವಿಕೆಯೊಳಗೆ ತೂರಿಸುತ್ತಿದ್ದಳು. ಕೋಸು ಕಡಿಯಲು ಹೊರಟ ಹೆಂಗಸರು ಬಾಗಿಲ ಮುಂದೆ ಹಾದುಹೋದರು. ಮೊದಲಾಗಿದ್ದರೆ "ಬಾ ಮಾದಕ್ಕ, ಒತ್ತಾಯ್ತು" ಎಂದು ಕೂಗುತ್ತಿದ್ದರು. ಈಗ ಅವಳ ಮನೆ ಬಂದರೆ ಮಾತು ತಗ್ಗಿಸುತ್ತಾರೆ. ಕೈ ಎದೆಮಟ್ಟ ದಾಟದವಳು ತಲೆಗೆ ಕುಕ್ಕೆ ಹೇಗೆ ಏರಿಸಿಯಾಳು?

ಕೊರೊನಾ ಲಸಿಕೆ ಹಾಕಿದ ವರ್ಷದಲ್ಲಿ ಆದದ್ದು ಅದು. ದೊಡ್ಡಗಾಜನೂರಿನ ಸಿದ್ದಮಲ್ಲಪ್ಪ ತನ್ನ ಹೊಲದ ಬದಿಯಲ್ಲೇ ಆಳುಗಳನ್ನು ಸಾಲು ನಿಲ್ಲಿಸಿದ್ದ. "ಸೂಜಿ ಆಕುಸ್ಕಳದೋರು ನಾಳಿಂದ ಒಲಕ್ಕ ಬರ್ಬೇಡಿ" ಎಂದಿದ್ದ. ನರ್ಸಿಗೆ ಇನ್ನೂ ಮೂರು ಊರು ಬಾಕಿ. ಚಿಕ್ಕಮಾದಮ್ಮನ ಬಿಗಿ ರವಿಕೆ ತೋಳಿನ ಮೇಲಕ್ಕೆ ಸರಿಯಲಿಲ್ಲ. ಕತ್ತಿನ ಕಡೆಯಿಂದ ಜಗ್ಗಿ, ಹೆಗಲ ಮೂಳೆಯ ಹತ್ತಿರವೇ ಚುಚ್ಚಿದಳು.

ಚಾಮರಾಜನಗರದ ಡಾಕ್ಟರು ಸ್ಕ್ಯಾನಿಂಗ್ ನೋಡಿ ಹೇಳಿದರು: "ಔಷಧಿ ತಪ್ಪಲ್ಲಮ್ಮ, ಜಾಗ ತಪ್ಪು. ತೋಳಿಗೆ ಹಾಕಬೇಕಾದ್ದನ್ನ ಹೆಗಲ ಕೀಲಿಗೆ ಹಾಕಿದ್ದಾರೆ."

ಅವಳು ಸಿದ್ದಮಲ್ಲಪ್ಪನ ಜಗಲಿಯ ಕೆಳಗೆ ನಿಂತು ಕೇಳಿದಳು. "ನೋಡ್ದೋರು ನೀವೇಯ ಬುದ್ಧಿ. ಒಂದ್ಮಾತು ಸಾಕ್ಷಿ ಏಳಿ."

"ಚುಚ್ಚಿದ್ದು ನಾನಾ? ನಂಗ್ಯಾಕಮ್ಮಿ ಕೋರ್ಟು ಕಚೇರಿ. ದೇವ್ರು ಇನ್ನೊಂದು ಕೈ ಕೊಟ್ಟವ್ನಲ್ಲ."

ಬಡವರಿಗೆ ಉಚಿತವಾಗಿ ವಾದಿಸಲು ಸರ್ಕಾರ ನೇಮಿಸಿದ ವಕೀಲರೊಬ್ಬರು ಪರಿಹಾರಕ್ಕೆ ಅರ್ಜಿ ಹಾಕಿಕೊಟ್ಟರು. ವಿಚಾರಣೆಯ ದಿನ ಅವರಿಗೆ ಬೇರೆ ಕೇಸು. ಚಿಕ್ಕಮಾದಮ್ಮ ಒಬ್ಬಳೇ ಬಸ್ಸಿನಲ್ಲಿ ದಿಂಬಂ ಘಾಟಿಯ ತಿರುವುಗಳನ್ನು ಇಳಿದು ಕಚೇರಿಗೆ ಹೋದಳು. ಪ್ರತಿ ತಿರುವಿನಲ್ಲೂ ಪಕ್ಕದವರ ಮೇಲೆ ಬಿದ್ದಳು, ಬೈಸಿಕೊಂಡಳು.

ಊರಿನ ಮಾತು ಕನ್ನಡವಾದರೂ ಕಚೇರಿ ತಮಿಳುನಾಡಿನದು; ಅವಳದು ಸಂತೆಗೆ ಸಾಕಾಗುವಷ್ಟು ತಮಿಳು. ಅಧಿಕಾರಿ ಕಾಗದದಿಂದ ಕಣ್ಣೆತ್ತದೆ ಕೇಳಿದ: "ಊಸಿ ತೋಳ್ಲಯಾ ಪೋಟ್ಟಾಂಗ?"

ಸೂಜಿ ತೋಳಿಗೆ ಹಾಕಿದರಾ ಅಂತ ತಾನೇ ಕೇಳುತ್ತಿದ್ದಾನೆ? ಇದೊಂದು ಮಾತು ಹೇಳಲೆಂದೇ ಅವಳು ಬಂದಿದ್ದಳು.

"ಇಲ್ಲೆ ಸಾರ್. ತೋಳ್ಲ ಇಲ್ಲೆ."

"ನಿಜವಾಗಿ?"

"ತೋಳ್ಗ ಆಕಿದ್ರ ನಾನ್ಯಾಕ್ ಸಾರ್ ಇಲ್ಲಿಗಂಟ ಬತ್ತಿದ್ದಿ?"

ಅವನು ಬರೆದುಕೊಂಡ. ಅವಳು ಸಹಿ ಹಾಕಿದಳು. ಮಾತು ಚೆನ್ನಾಗಿ ಆಡಿದೆ ಎಂಬ ಸಮಾಧಾನದಲ್ಲಿ ಹಿಂತಿರುಗುವಾಗ ಮಗಳಿಗೆಂದು ಬಿಸ್ಕತ್ತು ಕೊಂಡಳು.

ತಿಂಗಳ ಮೇಲೆ ಆದೇಶ ಬಂತು. ಮಗಳು ಪರಿಮಳ ತಮಿಳು ಶಾಲೆಯಲ್ಲಿ ಒಂಬತ್ತನೇ ತರಗತಿ. ಓದುತ್ತಾ ನಿಂತುಬಿಟ್ಟಳು.

"ಅವ್ವಾ, ತೋಳ್ಗ ಆಕ್ಲಿಲ್ಲ ಅಂದ್ಯಾ?"

"ಊ ಕಣಮ್ಮಿ. ಎಗಲ್ಗಲ್ವಾ ಆಕುದ್ದು."

ಹುಡುಗಿ ಕಾಗದದ ಆ ಸಾಲಿನ ಮೇಲೆ ಬೆರಳಿಟ್ಟಳು. "ತಮಿಳ್ನಲ್ಲಿ ಎಗಲ್ಗೇ ತೋಳ್ ಅನ್ನದು ಕಣವ್ವ. ಎಗಲ್ಗ ಸೂಜಿ ಆಕ್ಲಿಲ್ಲ ಅಂತ ನೀನೇ ಒಪ್ಕಂಡಿದ್ದಯ್ ಅಂತ ಬರ್ದವ್ರ. ಅರ್ಜಿ ತಳ್ಳಾಕವ್ರ."

ಚಿಕ್ಕಮಾದಮ್ಮ ಒಲೆಯ ಮುಂದೆ ಕೂತಳು. ಸಾರು ಉಕ್ಕಿದ್ದೂ ತಿಳಿಯಲಿಲ್ಲ. ಮಗಳೇ ಬಂದು ಪಾತ್ರೆ ಇಳಿಸಿದಳು.

"ನಾಳ ಇಸ್ಕೂಲ್ ಬುಟ್ಟು ನಾನೂ ಬತ್ತಿನಿ."

"ಪರೀಕ್ಷೆ ಬುಟ್ಟಾ? ಬ್ಯಾಡ. ನಾನೇ ಓಯ್ತಿನಿ."

ಬೆಳಿಗ್ಗೆ ಮತ್ತೆ ಒಬ್ಬಳೇ ಇಳಿದಳು. ಕಚೇರಿಯ ಗುಮಾಸ್ತ ಕತೆ ಕೇಳಿ ನಕ್ಕ. ಅಧಿಕಾರಿ ನಗಲಿಲ್ಲ. ಒಂದು ಬಿಳಿ ಹಾಳೆ ಮುಂದೆ ತಳ್ಳಿದ. ಅವನ ತಮಿಳನ್ನು ಈ ಸಲ ಅವಳು ಪದಪದವಾಗಿ ಕೇಳಿಸಿಕೊಂಡಳು. ಮೊದಲು ಸುಳ್ಳು ಹೇಳಿದ್ದೆ ಎಂದು ಬರೆದು ಸಹಿ ಹಾಕಬೇಕಂತೆ. ಹಾಗಾದರೆ ಮಾತ್ರ ಫೈಲು ಮತ್ತೆ ತೆರೆಯಬಹುದಂತೆ.

"ನಾನು ಸುಳ್ಳೇಳಿಲ್ಲ."

"ಸಹಿ ನಿನ್ನದೇ ತಾನೇ?"

"ಸಹಿ ನಂದೇಯ. ಮಾತೂ ನಂದೇಯ. ನೀವು ತಲ ಎತ್ತಿ ನೋಡಿದ್ರ ಗೊತ್ತಾಗದು."

"ಸಹಿ ಹಾಕುವುದಾದರೆ ಹಾಕು. ಇಲ್ಲ, ಹೊರಡು. ಹಿಂದೆ ಜನ ಕಾಯ್ತಿದ್ದಾರೆ."

ಚಿಕ್ಕಮಾದಮ್ಮ ಬಿಳಿ ಹಾಳೆಯನ್ನು ಅವನ ಕಡೆಗೇ ಸರಿಸಿದಳು. ಸೆರಗು ಸರಿಸಿ, ಬಲಗೈ ಬೆರಳನ್ನು ಎಡಹೆಗಲ ಮೂಳೆಯ ಮೇಲೆ ಒತ್ತಿ ಇಟ್ಟಳು.

"ಇದ್ಕ ನಿಮ್ಮಲ್ಲಿ ಏನಾರ ಅನ್ನಿ ಸಾರ್. ಇಲ್ಲಿಗ ಚುಚ್ಚುದ್ರು. ನೋಡ್ಬುಟ್ಟು ಬರ್ಕಳಿ."

ಅಧಿಕಾರಿ ತಲೆ ಎತ್ತಲಿಲ್ಲ. ಅವಳು ಬೆರಳು ತೆಗೆಯಲಿಲ್ಲ.