ಎರಡು ಡಿಸ್ಕಿನಲ್ಲಿದ್ದ ಹಲ್ಲುಗಳು

ಅಕ್ಕನ ಬಲಗೈಯಲ್ಲಿ ಹಿಡಿತ ಇರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಎಡಗೈಯೇ ಬೇಕಿತ್ತು. ವರ್ಷಗಟ್ಟಲೆ ಕೃತಕ ಹಲ್ಲು ಕೆತ್ತಿದ್ದಕ್ಕೆ ಸಿಕ್ಕ ಬಹುಮಾನ ಅದು ಎಂದು ಅವಳೇ ಹೇಳುತ್ತಿದ್ದಳು. ಕೇಳಿದವರು ನಕ್ಕರೆ ಸಿಟ್ಟಾಗುತ್ತಿದ್ದಳು.

ಲ್ಯಾಬು ಅವಳದು ಮತ್ತು ಭಾವನದು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ಕಳಿಸುತ್ತಿದ್ದರು. ಭಾವ ಅದಕ್ಕೆ ಪ್ಲಾಸ್ಟರ್ ಎರೆಯುತ್ತಿದ್ದ, ಅಕ್ಕ ಅದರ ಮೇಲೆ ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದಳು. ಬೆರಳು ಮರಗಟ್ಟಲು ಶುರುವಾದಾಗ ತಾನು ಕೆತ್ತಿದ ಪ್ರತಿ ಹಲ್ಲನ್ನೂ ಸ್ಕ್ಯಾನ್ ಮಾಡಿ ಸರ್ವರಿಗೆ ಹಾಕತೊಡಗಿದಳು. ಕೈ ಪೂರ್ತಿ ಸೋತ ಮೇಲೆ ಅವಳ ಕೆಲಸವೆಲ್ಲ ಅದರಲ್ಲೇ. ಹೊಂದುವ ಆಕಾರ ಹುಡುಕಿ, ಎಡಗೈಯಲ್ಲಿ ಮೌಸ್ ಹಿಡಿದು ತಿದ್ದಿ, ಹಲ್ಲು ಕೊರೆಯುವ ಮೆಷಿನ್ನಿಗೆ ಕಳಿಸುತ್ತಿದ್ದಳು. ಸಾಫ್ಟ್‌ವೇರಿನ ಜೊತೆ ಬರುವ ರೆಡಿಮೇಡ್ ಹಲ್ಲು ಯಾವ ಲ್ಯಾಬಿನಲ್ಲಾದರೂ ಸಿಗುತ್ತಿತ್ತು. ಡಾಕ್ಟರುಗಳು ಇಲ್ಲಿಗೆ ಬರುತ್ತಿದ್ದದ್ದು ಅಕ್ಕನ ಹಲ್ಲಿಗೆ. ಮೇಣದ ಮೂಲ ಒಂದೂ ಉಳಿದಿರಲಿಲ್ಲ. ಸ್ಕ್ಯಾನ್ ಆದ ಕೂಡಲೇ ಭಾವ ಅದನ್ನು ಪಾತ್ರೆಗೆ ಹಾಕಿ ಕರಗಿಸುತ್ತಿದ್ದ. ಮೇಣ ಎತ್ತಿಡುವುದು ಅವನ ಪ್ರಕಾರ ದುಂದು.

ಸರ್ವರ್ ಜೋಡಿಸಿದವನು ಅಕ್ಕನ ತಮ್ಮ. ಎಲ್ಲದರ ಇನ್ನೊಂದು ಪ್ರತಿ ಇಡಲು ಬೇರೊಂದು ಡಿಸ್ಕ್ ಕೇಳಿದ್ದ. ‘ಇರೋ ಎರಡನ್ನೇ ಸೇರಿಸು’ ಎಂದಿದ್ದ ಭಾವ. ಸೇರಿಸಿದ. ಪ್ರತಿ ಹಲ್ಲಿನ ಅರ್ಧ ಒಂದು ಡಿಸ್ಕಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಅವೆರಡನ್ನೂ ಜೋಡಿಯಾಗಿ ನೋಡು ಎಂದು ಹೇಳುವ ಸೆಟ್ಟಿಂಗ್ ಇದ್ದದ್ದು ಮದರ್‌ಬೋರ್ಡಿನ ಬಯಾಸಿನಲ್ಲಿ, ಮೆಷಿನ್ ಹಚ್ಚಿದ ಕೂಡಲೇ ಎಲ್ಲಕ್ಕಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಮಿನಲ್ಲಿ. ಅದು ತಮ್ಮನಿಗೊಬ್ಬನಿಗೇ ಗೊತ್ತಿತ್ತು.

ಆಮೇಲೊಮ್ಮೆ ಅದೇ ಬಯಾಸನ್ನು ಅಪ್‌ಡೇಟ್ ಮಾಡುತ್ತಿದ್ದಾಗ, ಪರದೆ ಕಪ್ಪಾಗಿದೆ ಎಂದು ಭಾವ ಪ್ಲಗ್ಗಿಗೆ ಕೈ ಹಾಕಿದ್ದ. “ಮಧ್ಯದಲ್ಲಿ ಕಿತ್ರೆ ಸತ್ತ ಹಾಗೆ! ಅಷ್ಟೂ ತಿಳಿಯಲ್ವಾ ನಿಮಗೆ?” ಎಂದು ತಮ್ಮ ಕೆಲಸದವರೆಲ್ಲರ ಮುಂದೆ ಕೂಗಿದ್ದ. “ಅಕ್ಕನ ಮನೇಲಿ ಬಿಟ್ಟಿ ತಿನ್ನೋನಿಗೆ ಬಾಯಿ ಬೇರೆ” ಎಂದು ಭಾವ ಅಷ್ಟೇ ಜೋರಾಗಿ ಕೂಗಿದ್ದ. ತಮ್ಮ ಆ ದಿನವೇ ಲ್ಯಾಬು ಬಿಟ್ಟು ಕಂಪ್ಯೂಟರ್ ರಿಪೇರಿ ಅಂಗಡಿ ಸೇರಿದ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಸರ್ವರ್ ಆನ್ ಆಗುತ್ತಿಲ್ಲ ಎಂದು ಅಕ್ಕ ಫೋನ್ ಮಾಡಿದಳು. ತಮ್ಮ ಬಂದ.

“ಬಂದ್ರಪ್ಪ ಡಾಕ್ಟ್ರು,” ಎಂದ ಭಾವ, ಪ್ಲಾಸ್ಟರ್ ಕಲಸುವ ಬಟ್ಟಲಿನಿಂದ ಮುಖ ಎತ್ತದೆ. “ರೋಗಿ ಒಳಗಿದೆ.”

“ರೋಗ ಹೊರಗೇ ಕಾಣ್ತಿದೆ,” ಎಂದ ತಮ್ಮ.

ಹಲ್ಲಿಗೆ ಪಾಲಿಶ್ ಹಾಕುತ್ತಿದ್ದವನು ಮೆಷಿನ್ ನಿಲ್ಲಿಸಿದ. ಕೆಲಸ ನಿಂತರೂ ಚಿಂತೆಯಿಲ್ಲ, ಜಗಳ ತಪ್ಪಬಾರದು ಎನ್ನುವ ಪೈಕಿ ಅವನು.

ಬಟನ್ ಒತ್ತಿದರೆ ಸರ್ವರಿನ ಫ್ಯಾನುಗಳು ಭರ್ರೆಂದು ತಿರುಗಿ, ನಿಂತು, ಮತ್ತೆ ತಿರುಗುತ್ತಿದ್ದವು. ಪರದೆಯಲ್ಲಿ ಏನೂ ಇಲ್ಲ. ಮುಚ್ಚಳ ತೆಗೆದು ನೋಡಿದ. ಒಂದು ಚೂರೂ ಧೂಳಿರಲಿಲ್ಲ. ಪ್ಲಾಸ್ಟರ್ ಪುಡಿ ಹಾರುವ ಕೋಣೆಯಲ್ಲಿ ಅದು ಅನುಮಾನದ ವಿಷಯ.

“ಅಚ್ಚಿಗೆ ಹೊಡೆಯೋ ಗಾಳಿ ಪೈಪಲ್ಲಿ ಇದಕ್ಕೂ ಹೊಡೆದ್ರಾ?”

“ಧೂಳಿತ್ತು, ಹೊಡೆದೆ. ನೀನಿದ್ದಾಗ ಒಂದಿನ ಒರೆಸಿದ್ಯಾ?”

“ಆ ಪೈಪಲ್ಲಿ ಗಾಳಿ ಜೊತೆ ನೀರು ಬರುತ್ತೆ ಭಾವ. ಅಚ್ಚಾದ್ರೆ ಒಣಗುತ್ತೆ. ಇದು ಬೋರ್ಡು.”

“ನಿನ್ನ ಮೂಗಲ್ಲೂ ನೀರು ಬರುತ್ತೆ. ಕೆಲಸ ನೋಡು.”

ತಮ್ಮ ಕೆಲಸ ನೋಡಿದ. ಮೆಮೊರಿ ಕಡ್ಡಿಗಳನ್ನೆಲ್ಲ ಕಿತ್ತು, ಅಂಚನ್ನು ಸ್ಪಿರಿಟಿನಲ್ಲಿ ಒರೆಸಿ, ಒಂದನ್ನು ಮಾತ್ರ ಮೊದಲ ಜಾಗಕ್ಕೆ ಹಾಕಿದ. ಅದೇ ಭರ್ರ್. ಕಡ್ಡಿ ಬದಲಿಸಿದ, ಜಾಗ ಬದಲಿಸಿದ. ಬೋರ್ಡಿನ ಮೂಲೆಯಲ್ಲಿ ಬೆಳಗುವ ಪುಟ್ಟ ಅಂಕಿ ಪ್ರತಿ ಸಲವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ತನ್ನ ಅಂಗಡಿಯಿಂದ ತಂದಿದ್ದ ಪವರ್ ಸಪ್ಲೈ ಹಾಕಿದ. ಅದರಿಂದಲೂ ಆಗಲಿಲ್ಲ. ಭಾವ ಆಗಾಗ ಬಾಗಿಲಿಗೆ ಬಂದು ನಿಂತು, ಗಂಟಲು ಕ್ಯಾಕರಿಸಿ ಹೋಗುತ್ತಿದ್ದ. ಉಳಿದದ್ದು ಬೋರ್ಡಿನ ಮೇಲಿನ ಬಟನ್ ಸೆಲ್. ಅದನ್ನು ತೆಗೆದರೆ ಬಯಾಸು ತನ್ನ ಸೆಟ್ಟಿಂಗ್ ಪೂರ್ತಿ ಮರೆತು ಹೊಸದಾಗಿ ಶುರುವಾಗುತ್ತದೆ. ತೆಗೆದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ಬಟನ್ ಒತ್ತಿದ.

ಫ್ಯಾನುಗಳು ಸದ್ದು ತಗ್ಗಿಸಿ ಒಂದೇ ಸಮನೆ ತಿರುಗತೊಡಗಿದವು. ಪರದೆಯಲ್ಲಿ ಬಯಾಸಿನ ಪುಟ ತೆರೆಯಿತು. ತಾರೀಖು ಎಂದೋ ಕಳೆದುಹೋದ ವರ್ಷದ್ದು. ಡಿಸ್ಕುಗಳ ಸಾಲಿನಲ್ಲಿ ಜೋಡಿ ಇರಲಿಲ್ಲ, ಎರಡೂ ಬಿಡಿಬಿಡಿ. ಬದಲಾಯಿಸಬೇಕಾದದ್ದು ಒಂದೇ ಸಾಲು. ತಮ್ಮ ಕೀಬೋರ್ಡಿಗೆ ಕೈ ಹಾಕಿದ.

“ಇಷ್ಟೇನಾ?” ಭಾವ ಹಿಂದೆ ನಿಂತಿದ್ದ. “ಬಟನ್ ಸೆಲ್ ತೆಗೆದು ಹಾಕೋಕೆ ಇಷ್ಟು ದೊಡ್ಡ ನಾಟಕ. ಗಡಿಯಾರದ ಅಂಗಡಿಯವನು ನಿಂತ ನಿಲುವಲ್ಲೇ ಮಾಡ್ತಿದ್ದ.”

ಪಾಲಿಶ್‌ನವನು ನಕ್ಕ. ತಮ್ಮ ಕೀಬೋರ್ಡಿನಿಂದ ಕೈ ತೆಗೆದ.

“ಇನ್ನೂ ಮುಗಿದಿಲ್ಲ.”

“ಮುಗೀತು, ಎದ್ದೇಳು. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ನೋಡ್ಕೊಳ್ಳಿ. ಹಲ್ಲು ಕಾಣದೇ ಇದ್ರೆ ನೀವೇ ಫೋನ್ ಮಾಡಿ. ಅಕ್ಕನ ಕೈಲಿ ಮಾಡಿಸ್ಬೇಡಿ.”

“ನಿಂಗೆ ಫೋನ್ ಮಾಡೋ ಬದ್ಲು ನನ್ನ ಹಲ್ಲು ನಾನೇ ಕಿತ್ಕೋತೀನಿ.”

ಅಕ್ಕ ಮುಂದಿನ ಕೋಣೆಯಲ್ಲಿ ಯಾವುದೋ ಡಾಕ್ಟರಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದಳು. ರಿಸೀವರ್ ಮುಚ್ಚಿಕೊಂಡು ತಮ್ಮನ ಮುಖ ನೋಡಿದಳು.

“ಆನ್ ಆಯ್ತು,” ಎಂದ.

“ಹಲ್ಲು?”

“ಭಾವ ನೋಡ್ಕೋತಾರಂತೆ.”

ಕೆಲಸ ಮುಗಿಯಿತೆಂದೇ ಅವಳು ತಿಳಿದಳು. ತಮ್ಮ ಮೆಟ್ಟಿಲಿಳಿದು ಹೋದ. ಅವನ ಲೆಕ್ಕ ಸುಲಭದ್ದು: ಹಲ್ಲು ಕಾಣುವುದಿಲ್ಲ, ಭಾವ ಬೆವರುತ್ತಾನೆ, ಬಾಲ ಮುದುರಿಕೊಂಡು ಫೋನ್ ಮಾಡುತ್ತಾನೆ. ಆಗ ಪಾಲಿಶ್‌ನವನೂ ಪಕ್ಕದಲ್ಲಿರಬೇಕು. ಅಂಗಡಿಗೆ ಹೋಗಿ ಫೋನನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡ.

ಭಾವ ಫೋನ್ ಮಾಡಲಿಲ್ಲ. ವಿಂಡೋಸ್ ಬೇರೊಂದು ಸಣ್ಣ ಡಿಸ್ಕಿನಲ್ಲಿದ್ದದ್ದರಿಂದ ಅದು ತೆರೆಯಿತು. ಹಲ್ಲಿನ ಫೋಲ್ಡರ್ ಮಾತ್ರ ಇರಲಿಲ್ಲ. ಡಿಸ್ಕುಗಳನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಮೆಷಿನ್ ಮರ್ಯಾದೆಯಿಂದ ಕೇಳಿತು. ತಮ್ಮನಿಗಿಂತ ಅದರ ಮಾತೇ ವಾಸಿ ಎನ್ನಿಸಿರಬೇಕು. ಭಾವ ಎರಡಕ್ಕೂ ಹೂಂ ಎಂದ. ಕೆಳಗೆ ‘ಕ್ವಿಕ್’ ಎನ್ನುವ ಚೌಕದಲ್ಲಿ ಟಿಕ್ ಇತ್ತು. ಅದನ್ನು ತೆಗೆದ. ಅವನು ಬೇಗ ಗಟ್ಟಿಯಾಗುವ ಪ್ಲಾಸ್ಟರನ್ನು ಲ್ಯಾಬಿನ ಬಾಗಿಲೊಳಗೆ ಬಿಟ್ಟವನಲ್ಲ. ಬೇಗ ಕೂತದ್ದು ಬೇಗ ಬಿರಿಯುತ್ತದೆ ಎಂದು ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಬೈದು ಕಲಿಸಿದ್ದ. ಮೆಷಿನ್ ಡಿಸ್ಕಿನ ಮೊದಲಿಂದ ಕೊನೆಯವರೆಗೆ ನಿಧಾನವಾಗಿ, ಇದ್ದದ್ದರ ಮೇಲೆಲ್ಲ ಸೊನ್ನೆ ಬರೆಯತೊಡಗಿತು. ಭಾವ ನೆಮ್ಮದಿಯಿಂದ ಪ್ಲಾಸ್ಟರಿಗೆ ವಾಪಸಾದ.

ಮಧ್ಯಾಹ್ನ ಊಟದ ಮೇಲೆ ಅಕ್ಕನೇ ಫೋನ್ ಮಾಡಿದಳು.

“ಹಲ್ಲು ಇನ್ನೂ ಬಂದಿಲ್ವಲ್ಲೋ. ಎರಡು ಹಸಿರು ಪಟ್ಟಿ ಓಡ್ತಿವೆ.”

“ಏನಂತ ಇದೆ, ಓದು.”

ಓದಿದಳು.

“ಪ್ಲಗ್ ಕೀಳು! ಈಗ್ಲೇ, ಏನೂ ಕೇಳ್ಬೇಡ, ಕೀಳು!”

ಅಕ್ಕ ಫೋನನ್ನು ನೆಲದ ಮೇಲಿಟ್ಟು ಮೇಜಿನ ಕೆಳಗೆ ಬಗ್ಗಿದಳು. ಪ್ಲಗ್ ಬಿಗಿಯಾಗಿ ಕೂತಿತ್ತು. ಬಲಗೈ ಜಾರಿತು. ಎಡಗೈ ಚಾಚುವಷ್ಟರಲ್ಲಿ ಭಾವ ಅವಳ ಭುಜ ಹಿಡಿದು ಎಬ್ಬಿಸಿ, ಫೋನ್ ಕೈಗೆತ್ತಿಕೊಂಡ.

“ಏನೋ ನಿಂದು?”

“ಪ್ಲಗ್ ಕೀಳಿ ಭಾವ.”

“ಮಧ್ಯದಲ್ಲಾ?”

“ಹೂಂ, ಮಧ್ಯದಲ್ಲೇ.”

“ಮಧ್ಯದಲ್ಲಿ ಕಿತ್ರೆ ಸತ್ತ ಹಾಗೆ ಅಂತ ಅವತ್ತು ನನ್ನ ಮೇಲೆ ಕೂಗಾಡಿದ್ದು ಯಾರು?”

“ಅದು ಬಯಾಸು. ಇದು ಬೇರೆ. ಅದರಲ್ಲಿ ಹಲ್ಲೆಲ್ಲಾ—”

“ನನ್ನ ಕೈಲೇ ಸಾಯಿಸಿ, ಆಮೇಲೆ ಎಲ್ಲರ ಮುಂದೆ ಹಲ್ಲು ಕಿರಿಯೋಣ ಅಂತ. ನಾನೇನು ಕತ್ತೆ ಮೇಯಿಸ್ತಿದ್ದೀನಾ?” ಫೋನ್ ಕಟ್ಟಾಯಿತು.

“ರೀ, ಅವನು ಹೇಳಿದ್ದು ಒಂದ್ಸಲ ಕೇಳಿ,” ಎಂದಳು ಅಕ್ಕ.

“ನಿಮ್ಮನೆಯವರೆಲ್ಲ ಒಂದೇ,” ಎಂದು ಭಾವ ಪ್ಲಗ್ಗಿಗೆ ಅಡ್ಡವಾಗಿ ಸ್ಟೂಲ್ ಎಳೆದುಕೊಂಡು ಕೂತ.

ತಮ್ಮ ಬಸ್ಸಿಗೆ ಕಾಯದೆ ಓಡಿಕೊಂಡು ಬಂದ. ಹಸಿರು ಪಟ್ಟಿಗಳು ತುಂಬಿದ್ದವು. ಭಾವ ಸ್ಟೂಲಿನಿಂದ ಎದ್ದು, “ನೋಡು, ಒಂದು ಎರರ್ ಇಲ್ಲ,” ಎಂದ.

ತಮ್ಮ ಮೆಷಿನ್ ಆರಿಸಿ, ಮತ್ತೆ ಹಚ್ಚಿ, ಬೆಳಗ್ಗೆ ಬಿಟ್ಟುಹೋದ ಆ ಒಂದು ಸಾಲನ್ನು ಬದಲಾಯಿಸಿದ. ಜೋಡಿ ಬಂತು. ಅದರೊಳಗೆ ಏನೂ ಇರಲಿಲ್ಲ. ಕಳೆದುಹೋದ ಫೈಲು ಹುಡುಕುವ ಸಾಫ್ಟ್‌ವೇರ್ ಓಡಿಸಿದ. ಅದು ಸೊನ್ನೆಗಳನ್ನು ತೋರಿಸಿತು.

“ಕ್ವಿಕ್ಕಿನ ಟಿಕ್ ತೆಗೆದವರು ಯಾರು?”

“ನಾನೇ,” ಎಂದ ಭಾವ. ದನಿ ಇಳಿದಿತ್ತು. “ಯಾಕೆ?”

“ಅದೊಂದು ಇದ್ದಿದ್ರೆ ವಾಪಸ್ ತರ್ತಿದ್ದೆ.”

ಪಾಲಿಶ್‌ನವನು ಈ ಸಲ ನಗಲಿಲ್ಲ. ಅಕ್ಕ ತಮ್ಮನ ಎದುರಿಗೆ ಬಂದು ನಿಂತಳು.

“ನೀನು ಬೆಳಗ್ಗೆ ಎದ್ದು ಹೋದ್ಯಲ್ಲ, ಹಲ್ಲು ಕಾಣಲ್ಲ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಹಲ್ಲು ಅಂತ ಕೇಳ್ದಾಗ್ಲೂ ಗೊತ್ತಿತ್ತು.”

“ಭಾವ ಕೇಳ್ಲಿ ಅಂತ ಇದ್ದೆ.”

“ಹಲ್ಲು ಅವರದ್ದೇನೋ?”

ಭಾವ ಮೂಲೆಯಲ್ಲಿದ್ದ ಮೇಣದ ಪಾತ್ರೆಯ ಕಡೆ ನೋಡಿದ. ಅದರಲ್ಲಿ ಗಟ್ಟಿಯಾದ ಒಂದು ನೀಲಿ ಬಿಲ್ಲೆ ಇತ್ತು.

“ಇಬ್ರೂ ಹೊರಗೆ ನಡೀರಿ,” ಎಂದಳು ಅಕ್ಕ. ಪಾಲಿಶ್‌ನವನೂ ಎದ್ದ. “ನೀನಲ್ಲ, ನೀನು ಕೂತ್ಕೋ. ಇರೋ ಆರ್ಡರ್ ಮುಗಿಸು.”

ಹೋದದ್ದು: ಬಾಚಿಹಲ್ಲು ಮುನ್ನೂರ ಹನ್ನೆರಡು, ಕೋರೆಹಲ್ಲು ನೂರ ಐವತ್ತೆಂಟು, ದವಡೆಹಲ್ಲು ಆರುನೂರ ನಾಲ್ಕು.