ಹಳೇ ರೇಟಿನ ಗಿಳಿ

ಕುರ್ಚಿಯಕ್ಕ ಹೆಣೆದ ಬೆತ್ತದ ಕುರ್ಚಿಯ ಮೇಲೆ ಧೊಪ್ಪನೆ ಕೂರಬಾರದು ಅನ್ನೋದು ಆ ಬೀದಿಯ ನಾಯಿಗೂ ಗೊತ್ತಿತ್ತು. ಗೊತ್ತಿಲ್ಲದ ಪೈಲ್ವಾನನೊಬ್ಬ ಒಮ್ಮೆ ಕೂತುಬಿಟ್ಟ. ಹೆಣಿಗೆ ಅಷ್ಟು ಬಿಗಿ ಇತ್ತು ನೋಡಿ, ಪುಟಿದ ರಭಸಕ್ಕೆ ಬಾಗಿಲು ದಾಟಿ, ರಸ್ತೆ ದಾಟಿ, ಎದುರಿನ ಬೀಗದಂಗಡಿಯ ಕಟ್ಟೆಯ ಮೇಲೆ ಹೋಗಿ ಕೂತ. ಬಂದದ್ದು ಬಂದೆನಲ್ಲ ಅಂತ ಒಂದು ಬೀಗ ಕೊಂಡು, ನಡೆದುಕೊಂಡು ವಾಪಸ್ ಬಂದ.

ಕೈ ಅಂಥದ್ದು. ಬಾಯಿ ಮಾತ್ರ ಕೈಗೆ ತದ್ವಿರುದ್ಧ. ಯಾರಾದರೂ "ಎಷ್ಟಾಯ್ತು?" ಅಂದರೆ ಸಾಕು, ಅವಳ ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಆಗೆಲ್ಲ ಉತ್ತರ ಕೊಡುತ್ತಿದ್ದದ್ದು ಗಿಳಿ.

ಗಿಳಿ ಅವಳ ಅಜ್ಜಿಯ ಕಾಲದ್ದು. ಈ ಅಂಗಡಿಯಲ್ಲಿ ಮೊದಲು ಅಜ್ಜಿ ಕುರ್ಚಿ ಹೆಣೆದಳು, ಆಮೇಲೆ ಅಮ್ಮ, ಈಗ ಇವಳು. ಇಬ್ಬರೂ ತೀರಿಕೊಂಡರು, ಗಿಳಿ ಉಳಿಯಿತು. ಅಜ್ಜಿಯ ಗೊಗ್ಗರು ದನಿಯನ್ನೇ ತೆಗೆದು ಅದು ಕೂಗುತ್ತಿತ್ತು: "ತೋಚಿದ್ದು ಕೊಡಿ ಸ್ವಾಮಿ! ದುಡ್ಡಿನ ಮಾತು ಹೆಂಗಸರಿಗೆ ಯಾಕೆ!"

ಗಿರಾಕಿಗಳು ತಮಗೆ ತೋಚಿದ್ದನ್ನೇ ಕೊಡುತ್ತಿದ್ದರು. ಒಬ್ಬ ಹೋದ ವರ್ಷದ ಕ್ಯಾಲೆಂಡರ್ ಕೊಟ್ಟ. ಒಬ್ಬಳು ಚೀಲದ ತುಂಬ ಗುಂಡಿ ಕೊಟ್ಟಳು, ಎರಡು ಗುಂಡಿ ಒಂದೇ ಥರ ಇದ್ದರೆ ಕೇಳಿ. ಒಬ್ಬ ಡಾಕ್ಟರು, ನಾಲ್ಕು ಕುರ್ಚಿ ಹೆಣೆಸಿಕೊಂಡವರು, "ಉಪ್ಪು ಕಡಿಮೆ ಮಾಡಮ್ಮ" ಅಂತ ಸಲಹೆ ಕೊಟ್ಟು ಹೋದರು. ಕುರ್ಚಿಯಕ್ಕ ಎಲ್ಲರಿಗೂ ನಗುನಗುತ್ತಲೇ ಕೈ ಮುಗಿದಳು. ಒಳ್ಳೆ ಹೆಂಗಸು ಬೆಲೆ ಹೇಳುವುದಿಲ್ಲ ಅಂತ ಹಾಲಿನ ಜೊತೆಗೇ ಕುಡಿದು ಬೆಳೆದವಳು.

ಆದರೆ ಅಂಗಡಿಯ ಬಾಡಿಗೆಯನ್ನು ಗುಂಡಿಯಲ್ಲಿ ಕಟ್ಟೋಕಾಗುತ್ತದೆಯೇ? ಕೆಲವು ತಿಂಗಳಿಂದ ಅದನ್ನು ಅವಳ ತಮ್ಮ ಕಟ್ಟುತ್ತಿದ್ದ. ಒಂದು ದಿನ ಅವನು ಬಂದು ಅಂಗಡಿಯ ಗೋಡೆಗಳನ್ನು ಮೇಲೆ ಕೆಳಗೆ ನೋಡಿ, ಗಂಟಲು ಸರಿ ಮಾಡಿಕೊಂಡ.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಈ ತಿಂಗಳಿಂದ ಬಾಡಿಗೆ ನೀನೇ ಕಟ್ಟು. ಆಗಲ್ಲ ಅಂದ್ರೆ ಶನಿವಾರ ಬೀಗದ ಕೈ ನನಗೆ ಕೊಟ್ಬಿಡು. ಮೊಬೈಲ್ ಕವರ್ ಮಾರ್ತೀನಿ."

"ಮತ್ತೆ ನನ್ನ ಕುರ್ಚಿ?"

"ಮನೇಲಿ ಹಾಯಾಗಿ ಅದರ ಮೇಲೆ ಕೂತ್ಕೋ. ಹೆಣಿಯೋದು ಬೇರೆ, ವ್ಯಾಪಾರ ಬೇರೆ ಅಕ್ಕಾ. ವ್ಯಾಪಾರ ನಿಮ್ಮಂಥವರ ಕೈಲಿ ಆಗಲ್ಲ."

ಅವನು ಕೆಟ್ಟವನೇನಲ್ಲ. ಅವನೂ ಅದೇ ಗಿಳಿಯ ಪಾಠ ಕೇಳಿ ಬೆಳೆದವನು ತಾನೇ.

ತಮ್ಮ ಹೋದ ಮೇಲೆ ಕುರ್ಚಿಯಕ್ಕ ಬೆತ್ತ ನೆನೆಹಾಕಿದ ತೊಟ್ಟಿಯ ಮುಂದೆ ಕೂತು ಅತ್ತಳು. ತೊಟ್ಟಿ ತುಂಬಿ ನೀರು ರಸ್ತೆಗೆ ಹರಿಯಿತು. ಎದುರಿನ ಬೀಗದ ಚಿಕ್ಕಮ್ಮ, ತನ್ನ ಅಂಗಡಿಗೆ ನೀರು ನುಗ್ಗೋ ಮೊದಲು ಸೀರೆ ಎತ್ತಿಕಟ್ಟಿ ಓಡಿ ಬಂದಳು. ಬೀಗದ ಚಿಕ್ಕಮ್ಮ ಯಾರಿಗೂ ಚಿಕ್ಕಮ್ಮನಲ್ಲ, ಇಡೀ ಬೀದಿಗೆ ಚಿಕ್ಕಮ್ಮ. ಅವಳು ತೆಗೆಯದ ಬೀಗವಿಲ್ಲ, ತೆರೆಯದ ಬಾಯಿಯಿಲ್ಲ.

ಕಥೆ ಕೇಳಿ ಅವಳು ಸೊಂಟದ ಮೇಲೆ ಕೈ ಇಟ್ಟಳು. "ಒಂದು ಕುರ್ಚಿಗೆ ಬೆತ್ತಕ್ಕೆ ಎಷ್ಟು ಬೀಳುತ್ತೆ ಹೇಳೇ."

"ಇನ್ನೂರೈವತ್ತು."

"ಜನ ಕೊಡೋದು?"

"ಒಳ್ಳೆಯವರಾದ್ರೆ ಇನ್ನೂರು."

ಚಿಕ್ಕಮ್ಮ ಗಲ್ಲದ ಮೇಲೆ ಬೆರಳಿಟ್ಟಳು. "ಅಯ್ಯೋ ನನ್ನ ಕರ್ಮವೇ! ಅಂದ್ರೆ ನೀನು ಕೈಯಿಂದ ದುಡ್ಡು ಕೊಟ್ಟು ಜನರನ್ನ ಕೂರಿಸ್ತಾ ಇದ್ದೀಯ! ಧರ್ಮಕ್ಕೆ ಕೊಟ್ರೆ ಪುಣ್ಯನಾದ್ರೂ ಬರುತ್ತೆ, ನಿನಗೆ ಬಂದಿದ್ದು ಗುಂಡಿ!"

ಕುರ್ಚಿಯಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. ಇಬ್ಬರೂ ಕೂತು ಲೆಕ್ಕ ಹಾಕಿದರು. ಬೆತ್ತ, ಬಾಡಿಗೆ, ಬೆರಳು ಕುಯ್ದುಕೊಂಡರೆ ಸುತ್ತೋ ಬಟ್ಟೆ, ಕೊನೆಗೆ ಬೆನ್ನು ಬಗ್ಗಿಸಿ ಕೂತ ಕೂಲಿ. ಕೂಲಿ ಅಂದಾಗ ಕುರ್ಚಿಯಕ್ಕ "ಅದು ಬಿಡು ಚಿಕ್ಕಮ್ಮ, ನಾನೇ ತಾನೇ ಮಾಡೋದು" ಅಂದಳು. ಚಿಕ್ಕಮ್ಮ ತಲೆಗೊಂದು ಮೊಟಕಿದಳು. ಎಲ್ಲ ಸೇರಿ ಒಂದು ಕುರ್ಚಿಗೆ ಏಳುನೂರು ಆಯಿತು.

"ಅಷ್ಟೊಂದಾ!"

"ಹೇಳಿ ಅಭ್ಯಾಸ ಮಾಡ್ಕೋ. ಬೆಲೆ ಹೇಳೋದು ಬೀಗ ತೆಗೆದ ಹಾಗೆ ಕಣೇ. ಟಕ್ ಅನ್ನಿಸಿ ಕೈ ತೆಗೆದುಬಿಡಬೇಕು. ಹೇಳಾದ್ಮೇಲೆ 'ಜಾಸ್ತಿ ಆದ್ರೆ ಹೇಳಿ' ಅಂತ ಬಾಲ ಅಂಟಿಸಿದ್ಯೋ, ನಿನ್ನ ನಾಲಿಗೆಗೇ ಬೀಗ ಹಾಕ್ತೀನಿ."

ಕುರ್ಚಿಯಕ್ಕ ಅಭ್ಯಾಸ ಶುರು ಮಾಡಿದಳು. ಮನೆಯ ಗೋಡೆಗೆ "ಏಳುನೂರು" ಅಂದಳು, ಗಾರೆ ಉದುರಿತು. ದೀಪದ ಕಂಬಕ್ಕೆ ಅಂದಳು, ಹಗಲಲ್ಲೇ ದೀಪ ಹತ್ತಿಕೊಂಡಿತು. ಕನ್ನಡಿಗೆ ಅಂದಾಗ ಮಾತ್ರ ಒಳಗಿದ್ದ ಹೆಂಗಸು ಹುಬ್ಬೇರಿಸಿ "ಜಾಸ್ತಿಯಾಯ್ತು" ಅಂದ ಹಾಗಾಗಿ, ಇವಳೇ "ಸರಿ, ತೋಚಿದ್ದು ಕೊಡಿ" ಅಂದುಬಿಟ್ಟಳು. ಗಿಳಿಗೂ ಹೊಸ ಪಾಠ ಹೇಳಿಕೊಟ್ಟಳು. ಮೆಣಸಿನಕಾಯಿ ತಿನ್ನಿಸಿ ತಿನ್ನಿಸಿ "ಏಳುನೂರು ಅನ್ನು ಬಂಗಾರ" ಅಂದಳು. ಅದು ಮೆಣಸಿನಕಾಯಿ ತಿಂದಿತು, ಕೊಕ್ಕು ಒರೆಸಿಕೊಂಡಿತು, "ದುಡ್ಡಿನ ಮಾತು ಹೆಂಗಸರಿಗೆ ಯಾಕೆ!" ಅಂದಿತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋದು ಸುಳ್ಳಲ್ಲ.

ಶನಿವಾರ ಬಂತು. ಬೆಳಿಗ್ಗೆಯೇ ತಮ್ಮ ಅಳತೆಯ ಟೇಪು ಹಿಡಿದು ಹಾಜರ್. ಕವರುಗಳ ಸ್ಟ್ಯಾಂಡು ಎಲ್ಲಿ ನಿಲ್ಲಿಸೋದು ಅಂತ ಗೋಡೆ ಅಳೆಯತೊಡಗಿದ. ಕುರ್ಚಿಯಕ್ಕ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ ಬಿಗಿಯಾಗಿ ಹಿಡಿದುಕೊಂಡು ಕೂತಳು.

ಅಷ್ಟರಲ್ಲಿ ಬಾಗಿಲ ಮುಂದೆ ಒಂದು ಗಾಡಿ ನಿಂತಿತು. ಗಾಡಿಯ ತುಂಬ ಬೆತ್ತ ಹರಿದ ಕುರ್ಚಿಗಳು. ಇಳಿದವನು ನಾಟಕದ ಮನೆಯ ಮ್ಯಾನೇಜರು, ಮೀಸೆಗೆ ಎಣ್ಣೆ ಹಚ್ಚಿದ ಮನುಷ್ಯ. ಅವನ ಸಂಕಟ ಇಡೀ ಊರಿಗೆ ಗೊತ್ತಿತ್ತು. ಮುಂದಿನ ಸಾಲಿನ ಪ್ರೇಕ್ಷಕರು ಕುರ್ಚಿಯೊಳಗೆ ಕುಸಿದು ಸಿಕ್ಕಿಹಾಕಿಕೊಂಡು, ನಾಟಕ ಮುಗಿದ ಮೇಲೆ ಕುರ್ಚಿ ತೊಟ್ಟುಕೊಂಡೇ ಮನೆಗೆ ಹೋಗುತ್ತಿದ್ದರು. ಕುರ್ಚಿ ವಾಪಸ್ ತರೋಕೇ ಅವನು ಒಬ್ಬ ಆಳು ಇಟ್ಟಿದ್ದ.

"ಮುಂದಿನ ತಿಂಗಳು ಹೊಸ ನಾಟಕ. ಅಷ್ಟರಲ್ಲಿ ಎಲ್ಲಾ ಹೆಣೆದು ಕೊಡಬೇಕು ಕಣಮ್ಮ. ಒಂದಕ್ಕೆ ಎಷ್ಟು?"

ಕುರ್ಚಿಯಕ್ಕ ಬಾಯಿ ತೆರೆದಳು. ನಾಲಿಗೆ ಅಂಗುಳಿಗೆ ಅಂಟಿತು. ಪಂಜರದಿಂದ ಅಜ್ಜಿಯ ದನಿ ಬಂತು:

"ತೋಚಿದ್ದು ಕೊಡಿ ಸ್ವಾಮಿ! ದುಡ್ಡಿನ ಮಾತು ಹೆಂಗಸರಿಗೆ ಯಾಕೆ!"

ಮ್ಯಾನೇಜರ ಮೀಸೆ ಕಿವಿಯವರೆಗೂ ಅರಳಿತು. "ಎಂಥಾ ಸಂಸ್ಕಾರ! ನನಗೆ ತೋಚೋದು ನೂರೈವತ್ತು."

ತಮ್ಮ ಅಲ್ಲಿಂದಲೇ ಕೈ ಚಾಚಿದ. "ಕೊಡಕ್ಕಾ ಬೀಗದ ಕೈ. ಸುಮ್ನೆ ಯಾಕೆ ಒದ್ದಾಡ್ತೀಯ."

ಕುರ್ಚಿಯಕ್ಕ ಸೆರಗಿನ ಗಂಟು ನೋಡಿದಳು, ತಮ್ಮನ ಕೈ ನೋಡಿದಳು, ಗಾಡಿಯ ಕುರ್ಚಿಗಳನ್ನು ನೋಡಿದಳು. ಅಷ್ಟೂ ಕುರ್ಚಿಯ ತೂತುಗಳು ಅವಳನ್ನೇ ಬಾಯಿ ಬಿಟ್ಟು ನೋಡುತ್ತಿದ್ದವು. ಮ್ಯಾನೇಜರ ಕಡೆ ತಿರುಗಿ ಹೇಳೋ ಧೈರ್ಯ ಬರಲಿಲ್ಲ. ಆದರೆ ಅಜ್ಜಿಗೆ ಹೇಳಬಹುದಲ್ಲ! ಪಂಜರದ ಕಡೆ ತಿರುಗಿದಳು.

"ಅಜ್ಜೀ, ಸಾಕು ಸುಮ್ನಿರು! ತೋಚಿದ್ದಲ್ಲ, ಏಳುನೂರು!"

ಟಕ್ ಅಂತು. ಬಾಲ ಅಂಟಿಸಲಿಲ್ಲ. ರಸ್ತೆಯಾಚೆ ಬೀಗದ ಚಿಕ್ಕಮ್ಮನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಗಿಳಿ ಬೇರೆ ಹೇಳ್ತಲ್ಲಮ್ಮ?" ಅಂದ ಮ್ಯಾನೇಜರು.

"ಅದು ಹೇಳೋದು ಹಳೇ ರೇಟು."

ಗಿಳಿಗೆ ಸಿಟ್ಟು ಬಂತೋ ಏನೋ, ರೆಕ್ಕೆ ಕೊಡವಿ ಈ ಸಲ ಅಮ್ಮನ ದನಿ ತೆಗೆಯಿತು: "ಕೈ ಚಾಚೋಕೆ ನಾಚಿಕೆ ಆಗಲ್ವೇನೇ!"

"ನಾಚಿಕೆ ಯಾಕಮ್ಮಾ?" ಕುರ್ಚಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದೇಬಿಟ್ಟಳು. "ಬೆತ್ತ ನೆನೆಸೋದು ನಾನು, ಬೆರಳು ಕುಯ್ಸಿಕೊಳ್ಳೋದು ನಾನು, ಬೆನ್ನು ಬಿಲ್ಲಾಗೋದು ನಂದು. ಆರಾಮಾಗಿ ಕೂರೋರಿಗೆ ಇಲ್ಲದ ನಾಚಿಕೆ ನನಗ್ಯಾಕೆ? ನಾಚಿಕೊಳ್ಳೋಕೂ ಪುರುಸೊತ್ತು ಬೇಕು, ಅದಕ್ಕೊಂದು ಐವತ್ತು! ಏಳುನೂರೈವತ್ತು!"

"ಈಗ ತಾನೇ ಏಳುನೂರು ಅಂದ್ರಿ!"

"ಅದೂ ಹಳೇದಾಯ್ತು ಸ್ವಾಮಿ."

ಮ್ಯಾನೇಜರು ಬೆವರು ಒರೆಸಿಕೊಂಡ. "ಈ ಊರಲ್ಲಿ ಬೇರೆ ಹೆಣಿಯೋರೂ ಇದ್ದಾರೆ..."

"ಎಲ್ಲಿ?" ರಸ್ತೆಯಾಚೆಯಿಂದ ಚಿಕ್ಕಮ್ಮ ಕೂಗಿದಳು. "ಹೆಸರು ಹೇಳಿ, ನಾನೂ ನೋಡ್ಕೊಂಡು ಬರ್ತೀನಿ!"

ಆಗ ಗಿಳಿ ಕತ್ತು ಓರೆ ಮಾಡಿತು. ಈ ಸಲ ಅಜ್ಜಿಯದ್ದೂ ಅಲ್ಲದ, ಅಮ್ಮನದ್ದೂ ಅಲ್ಲದ, ಸೋತು ಸುಣ್ಣವಾದ ಸಣ್ಣ ದನಿಯೊಂದು ಬಂತು:

"ಪರವಾಗಿಲ್ಲ ಬಿಡಿ... ಮುಂದಿನ ಸಲ ಕೊಡುವಿರಂತೆ..."

ಅಯ್ಯೋ, ಯಾರಪ್ಪಾ ಈ ಬಡಪಾಯಿ ಹೆಂಗಸು ಅಂದುಕೊಂಡಳು ಕುರ್ಚಿಯಕ್ಕ. ಕರುಳು ಚುರ್ ಅಂತು. ಇಂಥ ದನಿಯವಳಿಗೆ ಯಾರೂ ಒಂದು ಲೋಟ ನೀರೂ ಕೊಡಲಿಕ್ಕಿಲ್ಲ. ತಮ್ಮ ಟೇಪು ಕೆಳಗೆ ಬಿಟ್ಟು ಅಕ್ಕನ ಮುಖ ನೋಡಿದ. ಅವನು ನೋಡಿದ ಮೇಲೇ ಅವಳಿಗೆ ತಿಳಿದದ್ದು, ಅದು ತನ್ನದೇ ದನಿ!

ಅವಳಿಗೆ ನಗು ಉಕ್ಕಿತು. ಎಂಥ ನಗು! ತೊಟ್ಟಿಯ ನೀರು ಕುಣಿಯಿತು, ಗಾಡಿಯಲ್ಲಿದ್ದ ಕುರ್ಚಿಗಳು ಕಾಲು ಬಡಿದವು, ಚಿಕ್ಕಮ್ಮನ ಅಂಗಡಿಯಲ್ಲಿ ನೇತುಹಾಕಿದ್ದ ಬೀಗಗಳೆಲ್ಲ ಪಟಪಟ ತಾವೇ ತೆರೆದುಕೊಂಡವು. ಕಣ್ಣೀರು ಒರೆಸಿಕೊಂಡು ಅವಳು ಮ್ಯಾನೇಜರ ಕಡೆ ನೇರ ತಿರುಗಿದಳು. ಪಂಜರದ ಕಡೆಗಲ್ಲ, ನೇರ ಅವನ ಮೀಸೆಯ ಕಡೆಗೆ.

"ಎಂಟುನೂರು. ಅರ್ಧ ಮುಂಗಡ. ಇಲ್ಲೇ, ಈಗಲೇ."

ಮ್ಯಾನೇಜರು ಏನೋ ಹೇಳೋಕೆ ಹೊರಟ. ಅಷ್ಟರಲ್ಲಿ ಗಿಳಿ ಮತ್ತೆ ಕೊಕ್ಕು ತೆರೆಯಿತು. ಅವನಿಗೆ ಜೀವವೇ ಹಾರಿಹೋಯಿತು. ಅದು ಬಾಯಿ ಬಿಟ್ಟಾಗಲೆಲ್ಲ ಐವತ್ತು ಏರುತ್ತದೆ ಅಂತ ಅವನ ತಲೆಗೂ ಹತ್ತಿತ್ತು. ಪಂಜರದ ಮುಂದೆ ಎರಡೂ ಕೈ ಜೋಡಿಸಿ ನಿಂತುಬಿಟ್ಟ.

"ಒಪ್ಪಿದೆ ತಾಯೀ, ಒಪ್ಪಿದೆ! ಮಹಾರಾಯ ಗಿಳಿಯೇ, ಬಾಯಿ ಮುಚ್ಚು!"

ಜೇಬಿನಿಂದ ನೋಟು ಬಂತು. ಕುರ್ಚಿಯಕ್ಕ ಎಲ್ಲರೆದುರೇ ಎಣಿಸಿದಳು. ಯಾವ ಆಕಾಶವೂ ಕಳಚಿ ಬೀಳಲಿಲ್ಲ. ಬೆತ್ತಕ್ಕೆ ಒಂದು ಪಾಲು ತೆಗೆದಳು, ಬಾಡಿಗೆಗೆ ಒಂದು ಪಾಲು ತೆಗೆದಳು. ಮೂರನೆಯ ಪಾಲು ಕೈಯಲ್ಲಿ ಉಳಿಯಿತು. ಅದು ಯಾರದ್ದು ಅಂತ ಒಂದು ಗಳಿಗೆ ಹೊಳೆಯಲೇ ಇಲ್ಲ.

"ಅದು ಕೂಲಿ ಕಣೇ, ನಿಂದೇ!" ಅಂತ ಚಿಕ್ಕಮ್ಮ ಕೂಗಿದಳು. "ಒಳಗೆ ಇಟ್ಕೋ!"

ಇಟ್ಟುಕೊಂಡಳು. ಬೀಗದ ಕೈ ಗಂಟು ಹಾಕಿದ್ದ ಸೆರಗಿನ ತುದಿಗೇ ಅದನ್ನೂ ಸೇರಿಸಿ ಬಿಗಿದಳು. ತಮ್ಮನ ಕಾಲ ಬಳಿ ಬಿದ್ದಿದ್ದ ಟೇಪು ಎತ್ತಿಕೊಂಡು ಗಾಡಿಯ ಕುರ್ಚಿಗಳನ್ನು ಅಳೆಯೋಕೆ ಹೋದಳು.

ಹೊಸ ನಾಟಕಕ್ಕೆ ಜನ ಕಿಕ್ಕಿರಿದು ಬಂದರು. ನಾಟಕ ಹೇಗಿತ್ತೋ ಯಾರಿಗೂ ನೆನಪಿಲ್ಲ, ಒಂದೊಂದು ಚಪ್ಪಾಳೆಗೂ ಮುಂದಿನ ಸಾಲು ಪೂರ್ತಿ ಮೊಳದುದ್ದ ಮೇಲೆ ಪುಟಿಯುತ್ತಿತ್ತಂತೆ.

ಆಮೇಲೊಂದು ದಿನ ತಮ್ಮ ಮೆಲ್ಲಗೆ ಅಂಗಡಿಗೆ ಬಂದ. ಕಂಕುಳಲ್ಲಿ ಸೀಟು ಹರಿದ ಕುರ್ಚಿ.

"ಅಕ್ಕಾ, ನಾವು ಮನೆಯವರು ತಾನೇ. ಇದನ್ನ ಸ್ವಲ್ಪ..."

"ಬಾಡಿಗೆ ಕಟ್ಟಿದ್ದೀಯಲ್ಲ, ನಿನಗೆ ಇದೊಂದು ಪುಕ್ಕಟೆ," ಅಂದಳು ಕುರ್ಚಿಯಕ್ಕ ನಗುತ್ತ. "ಮುಂದಿನದಕ್ಕೆ ಎಂಟುನೂರು."

"ಎಂಟುನೂರಾ! ತಮ್ಮನ ಹತ್ರಾನೂ!"

ಅವನು ಚೌಕಾಸಿಗೆ ಬಾಯಿ ತೆರೆದ. ಅಷ್ಟರಲ್ಲಿ ಗಿಳಿ ಕತ್ತು ಉದ್ದ ಮಾಡಿ, ಮೀಸೆಗೆ ಎಣ್ಣೆ ಹಚ್ಚಿದ ಗಂಡಸಿನ ದನಿಯಲ್ಲಿ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿತು:

"ಒಪ್ಪಿದೆ ತಾಯೀ, ಒಪ್ಪಿದೆ!"