ಬೇಮಳಖೇಡದ 3.8

ನನ್ನ ತಲೆಯಲ್ಲಿ ಇಪ್ಪತ್ತಾರು ಕಾಂಟಾಗಳಿವೆ. ಲಾರಿ, ಟ್ರ್ಯಾಕ್ಟರು ತೂಗುವ ದೊಡ್ಡ ಕಾಂಟಾಗಳು. ಅವುಗಳ ತೂಕದ ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದವನು ನಾನು, ತುಳಜಾರಾಮ. ಯಾವ ಊರಿನ ಕಾಂಟಾದಲ್ಲಿ ಎಂಥ ಕಂಪ್ಯೂಟರ್, ಪ್ರೋಗ್ರಾಂ ಓಡಲು ಅದರಲ್ಲಿ ಹಾಕಿದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಎಷ್ಟನೆಯ ಆವೃತ್ತಿ, ಎಲ್ಲ ಬಾಯಿಪಾಠ. ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟರೆ ನನ್ನನ್ನು ಕೇಳುವವರು ಯಾರು? ಹನ್ನೊಂದು ವರ್ಷದಿಂದ ಬಸವಕಲ್ಯಾಣದ ಬಸ್ಸು ಹತ್ತಿ ಹುಮನಾಬಾದಿನ ಈ ಆಫೀಸಿಗೆ ಬರುತ್ತಿದ್ದೇನೆ. ಏನೇ ಕೆಟ್ಟರೂ ಮಾಲೀಕ ಗೋವರ್ಧನರ ಬಾಯಲ್ಲಿ ಒಂದೇ ಮಾತು, ತುಳಜಾರಾಮಗ ಕೇಳ್ರಿ.

ಕಳೆದ ವರ್ಷ ಸ್ನೇಹಲ್ ಬಂದಳು. ಇಪ್ಪತ್ನಾಲ್ಕರ ಹುಡುಗಿ. ನಾವು ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿದರೂ ಕಂಪ್ಯೂಟರೇ ಅದನ್ನು ಎಲ್ಲ ಆವೃತ್ತಿಗಳಲ್ಲಿ ಓಡಿಸಿ ಪರೀಕ್ಷಿಸುವ ವ್ಯವಸ್ಥೆಯನ್ನು ಒಂದೇ ತಿಂಗಳಲ್ಲಿ ಮಾಡಿಟ್ಟಳು. ನಾನು ಐದು ವರ್ಷದಿಂದ ಮಾಡೋಣ ಮಾಡೋಣ ಎನ್ನುತ್ತಿದ್ದ ಕೆಲಸ ಅದು. ಈಗ ಚಹಾ ಬಂದರೆ ಗೋವರ್ಧನ ಮೊದಲ ಕಪ್ಪನ್ನು ಅವಳ ಮೇಜಿಗೆ ಕಳಿಸುತ್ತಾರೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ತೊಗರಿ ರಾಶಿಯ ದಿನಗಳು ಹತ್ತಿರವಾದಾಗ ಯಾವ ಯಾವ ಆವೃತ್ತಿಯಲ್ಲಿ ಪರೀಕ್ಷಿಸಬೇಕು ಎಂಬ ಪಟ್ಟಿಯ ಮಾತು ಬಂತು. 3.8, 3.9, 3.10 ಹೀಗೆ 3.13ರವರೆಗೆ ಆರು ಆವೃತ್ತಿ, ಪರೀಕ್ಷೆಗೆ ಇರುವುದು ಒಂದೇ ಕಂಪ್ಯೂಟರ್, ಪ್ರತಿ ಸಲ ನಲವತ್ತು ನಿಮಿಷ ಕಾಯಬೇಕು. 3.8ನ್ನು ಮಾಡಿದವರೇ ಅದರ ದುರಸ್ತಿ ನಿಲ್ಲಿಸಿದ್ದಾರೆ, ಕೈಬಿಡೋಣ ಎಂದಳು ಸ್ನೇಹಲ್. ಗೋವರ್ಧನ ಹೂಂ ಎಂದರು. ಅವಳು ಅಷ್ಟಕ್ಕೇ ಬಿಡದೆ ನನ್ನ ಮೇಜಿನ ಬಳಿ ಬಂದು ನಿಂತಳು.

"ಅಣ್ಣಾ, 3.8 ಇನ್ನೂ ಎಲ್ಲ್ಯಾರ ಅದ ಏನ್ರಿ? ನಿಮಗಷ್ಟೇ ಗೊತ್ತಿರ್ತದ."

ಬೇಮಳಖೇಡದಲ್ಲಿತ್ತು. ಬಸವಣಪ್ಪನವರ ಕಾಂಟಾದಲ್ಲಿ, ವಿಂಡೋಸ್ 7ರ ಹಳೆಯ ಕಂಪ್ಯೂಟರಿನಲ್ಲಿ. 3.8ಕ್ಕಿಂತ ಹೊಸದು ಅದರಲ್ಲಿ ಕೂಡುವುದೇ ಇಲ್ಲ. ನಾನೇ ಹೋಗಿ ಹಾಕಿಕೊಟ್ಟು ಬಂದಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನನಗ ಗೊತ್ತಿದ್ದಂಗ ಎಲ್ಲೂ ಇಲ್ಲ."

ಅವಳು ಒಮ್ಮೆ ಮುಗ್ಗರಿಸಲಿ, ಮೊದಲ ಕಪ್ಪು ಯಾರದೆಂದು ಗೋವರ್ಧನರಿಗೆ ನೆನಪಾಗಲಿ, ಅಷ್ಟೇ ನನ್ನ ಆಸೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಮುದುಕಿಯ ವಂಶ ನನ್ನದು.

ಅವಳು ಪಟ್ಟಿಯಿಂದ 3.8 ತೆಗೆದಳು. ಮುಂದಿನ ವಾರ ಹೊಸ ಪ್ರೋಗ್ರಾಂ ತಾನಾಗಿಯೇ ಎಲ್ಲ ಊರುಗಳಿಗೆ ಹೋಯಿತು, 3.8ರಲ್ಲಿ ಅದು ಓಡದೆ ಬೇಮಳಖೇಡದಲ್ಲಿ ಬೆಳಿಗ್ಗೆಯೇ ಚೀಟಿ ಬರುವುದು ನಿಂತಿತು. ನಾನು ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ರಿಂಗಾದದ್ದು ಅವಳ ಫೋನು. ಮಾತು ಮುಗಿಯುವ ಮೊದಲೇ ಅವಳು ಬ್ಯಾಗು ಹಾಕಿಕೊಂಡು ಹೊರಟಿದ್ದಳು.

ಒಂದು ತಾಸು ಬಿಟ್ಟು, ಬಿದ್ದವರನ್ನು ಎತ್ತುವ ಹುರುಪಿನಲ್ಲಿ ಗೋವರ್ಧನರ ಗಾಡಿ ಕೇಳಿ ತಗೊಂಡು ನಾನೂ ಹೋದೆ. ಕಾಂಟಾದ ಮುಂದೆ ತೊಗರಿ ಹೇರಿದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ನಿಂತಿದ್ದವು. ಆದರೆ ಸಾಲು ಸರಿಯುತ್ತಿತ್ತು. ಸ್ನೇಹಲ್ ಹಳೆಯ ಪ್ರೋಗ್ರಾಂ ವಾಪಸು ಹಾಕಿ ಆಗಿತ್ತು. ತಪ್ಪು ತನ್ನದೇ ಎಂದು ಎಲ್ಲರಿಗೂ ಹೇಳಿಯೂ ಆಗಿತ್ತು. ಬಸವಣಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ನೀವೇ ಹಾಕಿದ್ದಲ್ಲೇನ್ರಿ, ತುಳಜಾರಾಮ? ನಿಮಗೂ ಗೊತ್ತಿರಲಿಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಸ್ನೇಹಲ್ ಅಂದಳು, "ಅಣ್ಣಾಗ ಮರೆತಿತ್ರಿ. ಇಷ್ಟು ವರ್ಷದ್ದು ಒಬ್ಬರ ತಲ್ಯಾಗ ಎಷ್ಟಂತ ನಿಲ್ತದ?"

ಅವಳ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗೊತ್ತಿತ್ತು ಎಂದರೆ ನೀಚ, ಗೊತ್ತಿರಲಿಲ್ಲ ಎಂದರೆ ದಡ್ಡ. ಟ್ರ್ಯಾಕ್ಟರಿನವರೆಲ್ಲ ನನ್ನ ಬಾಯಿ ನೋಡುತ್ತಿದ್ದರು.

"ಹೌದ್ರಿ," ಎಂದೆ. "ಮರೆತಿತ್ತು."

ಆ ವಾರವೇ ಆಫೀಸಿನ ಗೋಡೆಗೆ ಪಟ್ಟಿ ಬಂತು. ಸ್ನೇಹಲ್ ಒಂದೊಂದು ಊರಿಗೂ ಫೋನ್ ಮಾಡಿ ಇಪ್ಪತ್ತಾರೂ ಕಾಂಟಾಗಳ ಆವೃತ್ತಿ ಬರೆದು ಅಂಟಿಸಿದ್ದಳು. ಬೇಮಳಖೇಡದ 3.8 ಎಲ್ಲಕ್ಕಿಂತ ಮೇಲಿತ್ತು. ಚಹಾ ಬರುವಷ್ಟರಲ್ಲಿ ಪೂರ್ತಿ ಓದಿದೆ. ನಿರ್ಣಾ ಎಂಬ ಊರಿನ ಮುಂದೆ 3.9 ಎಂದಿತ್ತು. ಅದು 3.10. ನನಗೆ ಚೆನ್ನಾಗಿ ಗೊತ್ತು.

ಹೇಳಿದೆ. ಗೋವರ್ಧನ ನಕ್ಕರು, ಕೆಟ್ಟದಾಗಿ ಅಲ್ಲ. ನನ್ನ ಕಪ್ಪನ್ನು ನನ್ನ ಕಡೆ ಸರಿಸಿ ಸ್ನೇಹಲ್‌ಗೆ ಹೇಳಿದರು, "ಒಂದು ಸಲ ನಿರ್ಣಾಕ್ಕ ಫೋನ್ ಹಚ್ಚಿ ಕೇಳಿ ಬಿಡವಾ. ತುಳಜಾರಾಮಗ ಈಗೀಗ ಮರೀತದ."